ಎರಡು ಗಾಜಿನ ನಡುವೆ 30 ಗಂಟೆ: ನೊರೆ ಪೆಟ್ಟಿಗೆ ಮತ್ತು ಅದರ ಮಾದರಿ, ದಾವಣಗೆರೆ

ಕೆಲಸ ಇಷ್ಟು. ಎರಡು ಗಾಜಿನ ಹಲಗೆಗಳ ನಡುವೆ ಒಂದೇ ಪದರ ಸೋಪಿನ ನೊರೆ ತುಂಬಬೇಕು, ಅದು ಗಂಟೆಗಟ್ಟಲೆ ಹೇಗೆ ಮಾರ್ಪಡುತ್ತದೆ ಎಂದು ಫೋಟೋ ತೆಗೆಯಬೇಕು, ಅದೇ ನೊರೆಯ ಲೆಕ್ಕದ ಮಾದರಿಯನ್ನು ಲ್ಯಾಪ್‌ಟಾಪಿನಲ್ಲಿ ಓಡಿಸಿ ಎರಡನ್ನೂ ತಾಳೆ ನೋಡಬೇಕು. ಮಾರ್ಚ್ ಮೊದಲ ವಾರ ಶುರುವಾಗಿ ಮೇ ಕೊನೆಗೆ ಈ ಹಂತಕ್ಕೆ ಬಂದಿದೆ. ಗುಳ್ಳೆ ಹಿರಿದಾಗುವ ಭಾಗ ಕೂಡಿಬಂದಿದೆ, ಹರಿವಿನ ಭಾಗ ಮುಕ್ಕಾಲು ಆಗಿದೆ, ಪೊರೆ ಒಡೆಯುವ ಭಾಗಕ್ಕೆ ಇನ್ನೂ ಕೈ ಹಾಕಿಲ್ಲ. ಹೆಚ್ಚು ದಿನ ತಿಂದದ್ದು ಗುಳ್ಳೆ ಎಣಿಸುವ ಕೆಲಸವಲ್ಲ. ನೊರೆಯೊಳಗಿನ ನೀರು ಯಾವ ಎತ್ತರದಲ್ಲಿ ಎಷ್ಟಿದೆ ಎಂಬುದನ್ನು ಲೆಕ್ಕಕ್ಕೆ ತರದೆ ಬರೆದ ಮಾದರಿ ಮೂರು ಸಲ ತಪ್ಪಿತು.

ತಿಳಿದಿರಬೇಕಾದ ನಿಯಮ ಒಂದೇ. ಚಪ್ಪಟೆ ನೊರೆಯಲ್ಲಿ ಗುಳ್ಳೆ ಬೆಳೆಯುತ್ತದೋ ಕುಗ್ಗುತ್ತದೋ ಅನ್ನುವುದು ಅದರ ಬದಿಗಳ ಸಂಖ್ಯೆಯ ಮೇಲೆ ನಿಂತಿದೆ ಎಂದು ಗಣಿತಜ್ಞ ಜಾನ್ ಫಾನ್ ನಾಯ್ಮನ್ 1952ರಲ್ಲಿ ತೋರಿಸಿದ. ಆರಕ್ಕಿಂತ ಹೆಚ್ಚು ಬದಿ ಇದ್ದದ್ದು ಹಿಗ್ಗುತ್ತದೆ, ಕಡಿಮೆ ಇದ್ದದ್ದು ಕುಗ್ಗುತ್ತದೆ, ಆರು ಬದಿಯದು ಇದ್ದಷ್ಟೇ ಇರುತ್ತದೆ. ಆರರಿಂದ ಒಂದು ಬದಿ ಹೆಚ್ಚು ಕಡಿಮೆಯಾದರೆ ಗಂಟೆಗೆ ಎಷ್ಟು ಚದರ ಮಿ.ಮೀ. ಬದಲಾವಣೆ ಅನ್ನುವುದನ್ನು ಇಲ್ಲಿ 'ಬದಿದರ' ಎಂದು ಕರೆದಿದೆ. ಮುಂದಿನದ್ದೆಲ್ಲ ಆ ಒಂದು ಅಂಕಿಯ ಬೆನ್ನು ಹತ್ತಿದ ಕೆಲಸ.

ಹಂತ 1. ಗಾಜು, ಮಾರ್ಚ್ 3ರಿಂದ 9

ಮಂಡಿಪೇಟೆ ಕಡೆಯ ಗಾಜಿನ ಅಂಗಡಿಯಲ್ಲಿ 300×260 ಮಿ.ಮೀ. ಅಳತೆಯ 4 ಮಿ.ಮೀ. ದಪ್ಪದ ಎರಡು ಹಲಗೆ ಕೊಯ್ಯಿಸಿ, ಅಂಚು ಮಸೆಸಿದ್ದು. 380 ರೂ. ನಡುವೆ 2 ಮಿ.ಮೀ. ಸಂದು ಬರಲು ಮೂರು ಬದಿಗೆ ರಬ್ಬರ್ ಪಟ್ಟಿ. ಕೆಳಬದಿ ತೆರೆದೇ ಇರುತ್ತದೆ, ಅದು ಸೋಪು ನೀರಿನ ತಟ್ಟೆಯಲ್ಲಿ ಮುಳುಗಿ ನಿಲ್ಲುತ್ತದೆ.

ಮೊದಲ ತಪ್ಪು ಇಲ್ಲೇ. ರಬ್ಬರಿನ ಬದಲು ಸಿಲಿಕೋನ್ ಸೀಲಂಟ್ ಎಳೆದು ಅಂಟಿಸಿತ್ತು. ಒಂದು ರಾತ್ರಿ ಒಣಗಿಸಿ ನೊರೆ ತುಂಬಿದರೆ, ಅಂಚಿನುದ್ದಕ್ಕೂ ಗುಳ್ಳೆಗಳು ಸಾಲಾಗಿ ಪಟಪಟ ಒಡೆದವು. ಒಡೆತ ಒಳಕ್ಕೆ ಹರಡಿ ಅರ್ಧ ಗಂಟೆಯಲ್ಲಿ ಹಲಗೆಯ ಎರಡೂ ಪಕ್ಕ ಖಾಲಿ. ಕಾರಣ ಸರಳ: ಸಿಲಿಕೋನ್ ಎಣ್ಣೆ ನೊರೆ ಕೊಲ್ಲುವ ವಸ್ತು, ಕಾರ್ಖಾನೆಗಳಲ್ಲಿ ನೊರೆ ಇಳಿಸಲು ಅದನ್ನೇ ಸುರಿಯುತ್ತಾರೆ. ಪೂರ್ತಿ ಗಟ್ಟಿಯಾಗದ ಸೀಲಂಟಿನಿಂದ ಅದು ಜಿನುಗುತ್ತದೆ, ಕಣ್ಣಿಗೆ ಕಾಣದ ಒಂದು ಹನಿ ಸಾಕು. ಬ್ಲೇಡಿನಿಂದ ಕೆರೆದು, ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಎರಡು ಸಲ ತೊಳೆದು, ಕಪ್ಪು ರಬ್ಬರ್ ಪಟ್ಟಿಗೆ (90 ರೂ.) ಬದಲಾಯಿಸಿದ ಮೇಲೆ ಆ ಕಾಟ ನಿಂತಿತು. ಗಾಜು ಮುಟ್ಟುವ ಕೈಗೂ ಇದೇ ಮಾತು. ಒಗ್ಗರಣೆ ಮಂಡಕ್ಕಿ ತಿಂದ ಕೈಯ ಎಣ್ಣೆ ಪಸೆ ಗಾಜಿಗೆ ತಾಗಿದರೆ ಆ ಬೆರಳ ಗುರುತಿನ ಜಾಗದಲ್ಲಿ ಪೊರೆ ನಿಲ್ಲುವುದಿಲ್ಲ.

ಎರಡನೇ ತಪ್ಪು ಕ್ಲಿಪ್ಪಿನದ್ದು. ಕಾಗದ ಹಿಡಿಯುವ ದೊಡ್ಡ ಬೈಂಡರ್ ಕ್ಲಿಪ್ಪುಗಳನ್ನು (12, 120 ರೂ.) ಗಾಜಿನ ತುತ್ತತುದಿಗೆ ಹಾಕಿತ್ತು. ರಬ್ಬರ್ ಪಟ್ಟಿ ಅದಕ್ಕಿಂತ 8 ಮಿ.ಮೀ. ಒಳಗೆ. ತುದಿ ಒತ್ತಿದಾಗ ಪಟ್ಟಿಯೇ ಆನಿಕೆಯಾಗಿ ನಡುಭಾಗ ಉಬ್ಬಿತು. ಫೀಲರ್ ಗೇಜು (ಸಂದು ಅಳೆಯುವ ತೆಳು ಲೋಹದ ಎಲೆಗಳು) ಪಟ್ಟಿಯ ಹತ್ತಿರ 2.0 ತೋರಿಸಿದರೆ, ತೆರೆದ ಕೆಳಬದಿಯ ಮಧ್ಯದಲ್ಲಿ 2.3. ಸಂದಿನ ಅಳತೆ ಮುಂದೆ ನೇರವಾಗಿ ಲೆಕ್ಕದೊಳಗೆ ಬರುತ್ತದೆ, 15 ಶೇಕಡಾ ತಪ್ಪು ಸಹಿಸುವ ಮಾತೇ ಇಲ್ಲ. 6 ಮಿ.ಮೀ. ಗಾಜು ಹೊಸದಾಗಿ ತಂದು (620 ರೂ.), ಕ್ಲಿಪ್ಪಿನ ಬಾಯಿ ಸರಿಯಾಗಿ ರಬ್ಬರ್ ಪಟ್ಟಿಯ ಮೇಲೆ ಕೂರುವಂತೆ ಹಾಕಿದ್ದು. ಈಗ ಎಲ್ಲಿ ಅಳೆದರೂ 1.98ರಿಂದ 2.04. ಮೊದಲೇ 6 ಮಿ.ಮೀ. ತರಬೇಕಿತ್ತು, 380 ರೂ. ದಂಡ.

ಹಂತ 2. ನೀರು ಮತ್ತು ಸೋಪು, ಮಾರ್ಚ್ 10ರಿಂದ 16

ಬೋರ್‌ವೆಲ್ ನೀರಲ್ಲಿ ಆಗುವುದಿಲ್ಲ. ಟಿಡಿಎಸ್ ಮೀಟರಿನಲ್ಲಿ ಬೋರಿನದ್ದು 1150, ನಲ್ಲಿಯದ್ದು 180, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು 4. ಬೋರಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಹಾಕಿ ಅರ್ಧ ಗಂಟೆ ಬಿಟ್ಟರೆ ಮಸುಕಾಗುತ್ತದೆ. ಡಿಟರ್ಜೆಂಟಿನ ಅಣು ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿಯಾಗಿ ಕೂರುತ್ತದೆ. ನೊರೆ ಕಟ್ಟಲು ಉಳಿಯುವ ಡಿಟರ್ಜೆಂಟು ಕಡಿಮೆಯಾಗುವುದಲ್ಲದೆ, ಆ ಬಿಳಿ ಚೂರು ಗಾಜಿಗೆ ಹತ್ತಿ ಫೋಟೋದಲ್ಲಿ ಪೊರೆಯಂತೆಯೇ ಕಾಣುತ್ತದೆ. 40 ನಿಮಿಷಕ್ಕೆ ಮೇಲಿನ ಮೂರನೇ ಒಂದು ಭಾಗ ಒಡೆದುಹೋಯಿತು. ನಲ್ಲಿ ನೀರಿನಲ್ಲಿ 9 ಗಂಟೆ ನಿಂತಿತು. ಡಿಸ್ಟಿಲ್ಡ್ ನೀರಿನಲ್ಲಿ ಎರಡು ದಿನ ದಾಟಿತು. ಹಾಗಾಗಿ ಅಲ್ಲಿಂದಾಚೆಗೆ ಬ್ಯಾಟರಿ ನೀರೇ, 10 ಲೀಟರಿಗೆ 160 ರೂ.

ಕೊನೆಗೆ ನಿಂತ ಪಾಕ: 1 ಲೀಟರ್ ಡಿಸ್ಟಿಲ್ಡ್ ನೀರು, 45 ಮಿ.ಲೀ. ಪಾತ್ರೆ ತೊಳೆಯುವ ದ್ರವ, 115 ಮಿ.ಲೀ. ಗ್ಲಿಸರಿನ್ (ಮೆಡಿಕಲ್ ಶಾಪಿನದು, 200 ಮಿ.ಲೀ.ಗೆ 140 ರೂ.). ಕಲಕಿದ ಮೇಲೆ ಒಂದು ರಾತ್ರಿ ಮುಚ್ಚಿಡಬೇಕು. ಗ್ಲಿಸರಿನ್ ಜಾಸ್ತಿ ಹಾಕಿದರೆ ನೊರೆ ಬಾಳುತ್ತದೆ ಎಂದು 30 ಶೇಕಡಾ ಹಾಕಿ ನೋಡಿದ್ದಾಗಿದೆ. ಬಾಳುವುದು ನಿಜ, ಆದರೆ ದ್ರವದ ಜಿಗುಟು ನೀರಿನ ಎರಡೂವರೆ ಪಟ್ಟಾಗಿ ನೀರು ಬಸಿಯುವುದಕ್ಕೇ ಮೂರು ಪಟ್ಟು ಹೊತ್ತು ಕಾಯಬೇಕಾಯಿತು.

ಅಂಟುವಾಳದ್ದನ್ನೂ ಪರೀಕ್ಷಿಸಿತ್ತು. 60 ಗ್ರಾಂ ಕಾಯಿಯ ಸಿಪ್ಪೆಯನ್ನು 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿದ್ದು. ನೊರೆ ಚೆನ್ನಾಗಿ ನಿಲ್ಲುತ್ತದೆ, ಪೊರೆಯ ಮೇಲ್ಮೈ ಬಿಗಿ. ಆದರೆ ಕಂದು ಬಣ್ಣದಿಂದ ಫೋಟೋ ಮಬ್ಬು, ಮೂರನೇ ದಿನಕ್ಕೆ ತಟ್ಟೆಯಲ್ಲಿ ಬೂಸ್ಟು. ದೀರ್ಘ ಓಟಕ್ಕೆ ಬೇಡ. ಹರಿವಿನ ಹಂತದಲ್ಲಿ ಮಾತ್ರ ಇದು ಬಹಳ ಉಪಕಾರಕ್ಕೆ ಬಂತು, ಅದನ್ನು ಅಲ್ಲೇ ಬರೆದಿದೆ.

ದ್ರಾವಣದ ಮೇಲ್ಮೈ ಎಳೆತ ಅಳೆಯದೆ ಮುಂದೆ ಹೋಗಬೇಡಿ. 1 ಮಿ.ಮೀ. ಒಳವ್ಯಾಸದ ಗಾಜಿನ ಸಣ್ಣ ಕೊಳವೆ (60 ರೂ.) ಅದ್ದಿದರೆ ಡಿಸ್ಟಿಲ್ಡ್ ನೀರು 29 ಮಿ.ಮೀ. ಏರಿತು, ಸೋಪಿನ ದ್ರಾವಣ 11.3 ಮಿ.ಮೀ. ಲೆಕ್ಕ ಹಾಕಿದರೆ ಮೀಟರಿಗೆ 28 ಮಿಲಿನ್ಯೂಟನ್. ನೀರಿನದು ಸರಿಯಾಗಿ 71ರ ಆಸುಪಾಸು ಬಂದಿದ್ದರಿಂದ ಕೊಳವೆ ಶುದ್ಧವಾಗಿದೆ ಎಂದು ನಂಬಬಹುದು. ಮೊದಲು ನೀರನ್ನೇ ಅಳೆಯಬೇಕು. ಸೋಪು ತಾಗಿದ ಕೊಳವೆಯಲ್ಲಿ ಆಮೇಲೆ ನೀರು ಅಳೆದರೆ ಅಂಕಿ ಬಿದ್ದುಹೋಗುತ್ತದೆ.

ಹಂತ 3. ಗುಳ್ಳೆ ಊದುವುದು, ಮಾರ್ಚ್ 17ರಿಂದ 25

ವಿಧಾನ: ಪೆಟ್ಟಿಗೆಯನ್ನು ದ್ರಾವಣದಲ್ಲಿ ಮಲಗಿಸಿ ಪೂರ್ತಿ ತುಂಬಿ, ಬಾಯಿ ತಟ್ಟೆಯಲ್ಲಿ ಮುಳುಗಿರುವಂತೆಯೇ ಎತ್ತಿ ನಿಲ್ಲಿಸುವುದು. ಗಾಳಿಯ ಒತ್ತಡಕ್ಕೆ ದ್ರಾವಣ ಒಳಗೇ ನಿಲ್ಲುತ್ತದೆ. ಆಮೇಲೆ ಕೆಳಗಿನ ಬಾಯಿಯಿಂದ ಸೂಜಿಯಲ್ಲಿ ಗಾಳಿ ಬಿಟ್ಟರೆ ಗುಳ್ಳೆ ಏರಿ, ದ್ರಾವಣ ತಟ್ಟೆಗೆ ಇಳಿಯುತ್ತದೆ. ಸುಮಾರು 150 ಮಿ.ಲೀ. ಇಳಿಯುವುದರಿಂದ ತಟ್ಟೆಗೆ ಅಷ್ಟು ಜಾಗ ಇರಬೇಕು. ಮೊದಲ ದಿನ ಇರಲಿಲ್ಲ, ತುಂಬಿ ಹರಿದು, ಬೆಳಕಿಗೆಂದು ಹಿಂದೆ ಇಟ್ಟ ಎಲ್‌ಇಡಿ ಫಲಕದ ಡ್ರೈವರ್ ಸುಟ್ಟಿತು. ಫಲಕದ ಖರ್ಚು 310 ರೂ. ಅನ್ನುವುದರಲ್ಲಿ ಆ ರಿಪೇರಿಯೂ ಸೇರಿದೆ.

ಅಕ್ವೇರಿಯಂ ಪಂಪು ಎರಡು ಬಾಯಿಯದು, 340 ರೂ. ಸೂಜಿಯ ತುದಿಯನ್ನು ಎಮರಿ ಕಲ್ಲಿನಲ್ಲಿ ಚಪ್ಪಟೆ ಮಾಡಬೇಕು, ಓರೆ ತುದಿಯಿಂದ ಒಂದೊಂದು ಗುಳ್ಳೆ ಒಂದೊಂದು ಅಳತೆ ಬರುತ್ತದೆ.

24 ಗೇಜ್ ಸೂಜಿ: ಒಳವ್ಯಾಸ 0.31 ಮಿ.ಮೀ. ಗುಳ್ಳೆಯ ವ್ಯಾಸ 1.7 ಮಿ.ಮೀ. ಸಂದಿಗಿಂತ ಸಣ್ಣದು! ಎರಡು ಪದರವಾಗಿ ಒಂದರ ಹಿಂದೊಂದು ಕೂತವು. ಮುಂದಿನಿಂದ ನೋಡಿದರೆ ಚೆಂದದ ಜಾಲರಿ, ಹಿಂದಿನಿಂದ ನೋಡಿದರೆ ಬೇರೆಯೇ ಜಾಲರಿ. ಅದು ಚಪ್ಪಟೆ ನೊರೆಯೇ ಅಲ್ಲ.

14 ಗೇಜ್: ದನಕರುಗಳ ಇಂಜೆಕ್ಷನ್ನಿಗೆ ಬಳಸುವ ದಪ್ಪ ಸೂಜಿ, ಪಶು ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಒಳವ್ಯಾಸ 1.6 ಮಿ.ಮೀ. ಒಂದೊಂದು ಗುಳ್ಳೆ 14 ಘನ ಮಿ.ಮೀ., ಅಂದರೆ ಸಂದಿನಲ್ಲಿ 7 ಚದರ ಮಿ.ಮೀ. ಒಂದೇ ಪದರ, ಜೇನುಗೂಡಿನಂತೆ ಸಾಲುಸಾಲು ಆರು ಬದಿ. 14 ಗಂಟೆ ಕ್ಯಾಮೆರಾ ಓಡಿಸಿದರೂ ನಡುಭಾಗದಲ್ಲಿ ಏನೂ ಬದಲಾಗಲಿಲ್ಲ. ಬದಲಾಗದಿರುವುದೇ ಸರಿ: ಎಲ್ಲಕ್ಕೂ ಆರು ಬದಿ ಇದ್ದರೆ ಬೆಳವಣಿಗೆ ಸೊನ್ನೆ. ಈ ನೊರೆ ನಿಯಮಕ್ಕೆ ಒಳ್ಳೆಯ ಸಾಕ್ಷಿ, ಅಳತೆಗೆ ನಿರುಪಯೋಗಿ. ಅವ್ಯವಸ್ಥೆ ಬೇಕು.

ಪಂಪಿನ ಒಂದು ಬಾಯಿಗೆ 14, ಇನ್ನೊಂದಕ್ಕೆ 18 ಗೇಜ್ (ಒಳವ್ಯಾಸ 0.84, ಗುಳ್ಳೆ 3.8 ಚದರ ಮಿ.ಮೀ.) ಹಾಕಿ, ಎರಡನ್ನೂ ಬಾಯಿಯುದ್ದಕ್ಕೆ ಕೈಯಿಂದ ಆಚೀಚೆ ಆಡಿಸುತ್ತ ತುಂಬಿದ್ದು. 20 ನಿಮಿಷ ಹಿಡಿಯುತ್ತದೆ. ಬದಿಗಳು ನಾಲ್ಕರಿಂದ ಒಂಬತ್ತರವರೆಗೆ ಹರಡಿಕೊಂಡವು. ಸೂಜಿ, ಟ್ಯೂಬು ಎಲ್ಲ ಸೇರಿ 150 ರೂ.

ಬೇಗ ಮುಗಿಯಲಿ ಎಂದು ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಕಾರ್ಬನ್ ಡೈಆಕ್ಸೈಡ್ ತುಂಬಿದ ಪ್ರಯತ್ನವೂ ಒಂದು ಆಯಿತು. ಈ ಅನಿಲ ನೀರಿನಲ್ಲಿ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚು ಕರಗುವುದರಿಂದ ಪೊರೆ ದಾಟಿ ಓಡುತ್ತದೆ. ಓಟ ಗಂಟೆಗಳಿಂದ ನಿಮಿಷಕ್ಕೆ ಇಳಿಯಿತು. ಆದರೆ ತಟ್ಟೆಯ ನೀರಿನ ಮೂಲಕ ಅದು ಹೊರಗೂ ಹೋಗುತ್ತದೆ, ಕೆಳಗಿನ ಗುಳ್ಳೆಗಳು ಬದಿ ಎಷ್ಟಿದ್ದರೂ ಕುಗ್ಗಿದವು. ನೋಡಲು ಅಂದ, ಅಳತೆಗೆ ಬೇಡ.

ಹಂತ 4. ಫೋಟೋ, ಮಾರ್ಚ್ 26ರಿಂದ ಏಪ್ರಿಲ್ 8

ಹಿಂದೆ ಬೆಳಕು, ಮುಂದೆ 900 ಮಿ.ಮೀ. ದೂರದಲ್ಲಿ ಫೋನು, 10 ನಿಮಿಷಕ್ಕೊಂದು ಫೋಟೋ, 30 ಗಂಟೆ. 4000 ಪಿಕ್ಸೆಲ್ 300 ಮಿ.ಮೀ.ಗೆ ಹರಡಿ, ಒಂದು ಪಿಕ್ಸೆಲ್ 0.075 ಮಿ.ಮೀ. ಮೊದಲು ಗಾಜಿನ ಜಾಗದಲ್ಲಿ ಗ್ರಾಫ್ ಹಾಳೆ ಇಟ್ಟು ಒಂದು ಫೋಟೋ ತೆಗೆಯಲೇಬೇಕು. ಮೂಲೆಗಳಲ್ಲಿ ಲೆನ್ಸಿನ ಬಾಗು ಉದ್ದದಲ್ಲಿ 2.5 ಶೇಕಡಾ, ವಿಸ್ತೀರ್ಣದಲ್ಲಿ 5 ಶೇಕಡಾ ತಪ್ಪು ತೋರಿಸಿತು.

ಕರೆಂಟು ಹೋದರೆ ಫೋನು ಓಡುತ್ತದೆ, ಫಲಕ ಓಡುವುದಿಲ್ಲ. ಎರಡನೇ ಓಟದಲ್ಲಿ 11 ಫೋಟೋ ಕತ್ತಲು. ಫಲಕವನ್ನು 12 ವೋಲ್ಟ್ ಬೈಕ್ ಬ್ಯಾಟರಿಗೆ ಕೊಟ್ಟು, ಫೋಟೋ ಹೊತ್ತಿಗೆ 5 ಸೆಕೆಂಡು ಮಾತ್ರ ಹೊತ್ತುವಂತೆ ಟೈಮರ್ ಹಾಕಿದ ಮೇಲೆ ಇನ್ನೊಂದು ಲಾಭವೂ ಸಿಕ್ಕಿತು: ಸದಾ ಉರಿಯುವ ಫಲಕ ಹಿಂದಿನ ಗಾಜನ್ನು 3 ಡಿಗ್ರಿ ಬಿಸಿ ಮಾಡುತ್ತಿತ್ತು, ಅದು ನಿಂತಿತು. ಟೈಮರ್, ಬ್ಯಾಟರಿ ಎರಡೂ ಇದ್ದವೇ, ಖರ್ಚಿಗೆ ಹಿಡಿದಿಲ್ಲ.

ಚಿತ್ರ ಸಂಸ್ಕರಣೆ ಪೈಥಾನ್, ಓಪನ್‌ಸಿವಿ. ಸ್ಥಳೀಯ ಥ್ರೆಶೋಲ್ಡ್ ಹಾಕಿ ಕಪ್ಪು ಬಿಳುಪು ಮಾಡುವುದು, ಪೊರೆಯನ್ನು ಒಂದು ಪಿಕ್ಸೆಲ್ ಗೆರೆಗೆ ಇಳಿಸುವುದು, ಒಳಜಾಗಗಳಿಗೆ ಸಂಖ್ಯೆ ಕೊಡುವುದು, ಪ್ರತಿ ಗುಳ್ಳೆಯನ್ನು 3 ಪಿಕ್ಸೆಲ್ ಉಬ್ಬಿಸಿ ಯಾರನ್ನು ಮುಟ್ಟುತ್ತದೆ ಎಂದು ಎಣಿಸುವುದು. ಗೋಡೆ ಮುಟ್ಟಿದ ಗುಳ್ಳೆಗಳನ್ನು ಕೈಬಿಡಬೇಕು. ಪೊರೆ ಗೋಡೆಗೆ 90 ಡಿಗ್ರಿಯಲ್ಲಿ ಸೇರುತ್ತದೆ, ಪೊರೆ ಪೊರೆಗೆ 120 ಡಿಗ್ರಿ. ಆರರ ನಿಯಮ ಗೋಡೆಯ ಗುಳ್ಳೆಗೆ ಹಾಗೇ ನಡೆಯುವುದಿಲ್ಲ. 5 ಚದರ ಮಿ.ಮೀ.ಗಿಂತ ಸಣ್ಣವನ್ನೂ ಕೈಬಿಟ್ಟಿದೆ. ಆ ಅಳತೆಗೆ ಬಂದ ಗುಳ್ಳೆ ಒಂದು ಗಾಜಿನ ಹಿಡಿತ ಬಿಟ್ಟು ಇನ್ನೊಂದಕ್ಕೆ ಅಂಟಿಕೊಳ್ಳಲು ಶುರುಮಾಡುತ್ತದೆ.

ಇಲ್ಲೊಂದು ವಿಚಿತ್ರ ಕಂಡಿತು. ಮೇಲ್ಭಾಗದ ಗುಳ್ಳೆಗಳ ವಿಸ್ತೀರ್ಣ ಒಂದು ಫೋಟೋದಲ್ಲಿ ಇದ್ದಕ್ಕಿದ್ದಂತೆ ಎರಡು ಪಟ್ಟು, ಮುಂದಿನದ್ದರಲ್ಲಿ ಮತ್ತೆ ಮೊದಲಿನಷ್ಟು. ಪೊರೆಯ ಗೆರೆ ತುಂಡಾಗಿ ಎರಡು ಗುಳ್ಳೆ ಒಂದೇ ಎಂದು ಎಣಿಕೆಯಾಗುತ್ತಿತ್ತು. ಕೆಳಭಾಗದಲ್ಲಿ ಹೀಗೆ ಒಂದೂ ಇಲ್ಲ. ನಾಲ್ಕು ದಿನ ಥ್ರೆಶೋಲ್ಡಿನ ಅಂಕಿ ತಿರುವಿದ್ದು ವ್ಯರ್ಥ. ಕಾರಣ ಸಾಫ್ಟ್‌ವೇರಿನಲ್ಲಿ ಇರಲಿಲ್ಲ, ನೊರೆಯಲ್ಲೇ ಇತ್ತು.

ಹಂತ 5. ಕಾಲುವೆಯ ಲೆಕ್ಕ, ಏಪ್ರಿಲ್ 9ರಿಂದ 22

ಫೋಟೋದಲ್ಲಿ ಕಪ್ಪಾಗಿ ಕಾಣುವುದು ಪೊರೆಯಲ್ಲ. ಪೊರೆ ಗಾಜನ್ನು ಮುಟ್ಟುವಲ್ಲಿ ನೀರು ನಿಲ್ಲುವ ಸಣ್ಣ ಕಾಲುವೆ ಅದು. ಬೆಲ್ಜಿಯಂನ ಜೋಸೆಫ್ ಪ್ಲಾಟೋ ಹೆಸರಲ್ಲಿ ಇದನ್ನು ಪ್ಲಾಟೋ ಕಾಲುವೆ ಎನ್ನೋಣ. ಭದ್ರಾ ನಾಲೆಯ ಕೊನೆಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ, ಮೇಲೆ ಎಷ್ಟು ನೀರು, ಕೆಳಗೆ ಎಷ್ಟು ನೀರು ಎಂಬುದರ ಮೇಲೆಯೇ ಎಲ್ಲ ನಿಂತಿದೆ. ಇಲ್ಲಿ ಮಾತ್ರ ಸಮೃದ್ಧಿ ತಳದಲ್ಲಿ.

ನೀರು ಬಸಿದು ನಿಂತ ಮೇಲೆ ಕಾಲುವೆಯ ತ್ರಿಜ್ಯ ತಟ್ಟೆಯ ನೀರಿನ ಮಟ್ಟದಿಂದ ಇರುವ ಎತ್ತರಕ್ಕೆ ವಿಲೋಮ. ನಮ್ಮ ದ್ರಾವಣಕ್ಕೆ 2.8ನ್ನು ಎತ್ತರದಿಂದ (ಮಿ.ಮೀ.) ಭಾಗಿಸಿದರೆ ತ್ರಿಜ್ಯ ಮಿ.ಮೀ.ನಲ್ಲಿ ಬರುತ್ತದೆ. 10 ಮಿ.ಮೀ. ಎತ್ತರದಲ್ಲಿ 0.28. ಗೆರೆಯ ಅಗಲ ಅದರ ಎರಡು ಪಟ್ಟು, 0.56, ಫೋಟೋದಲ್ಲಿ ಎಣಿಸಿದರೆ 7ರಿಂದ 8 ಪಿಕ್ಸೆಲ್, ಸರಿಯಾಗಿ ಕೂಡುತ್ತದೆ. 200 ಮಿ.ಮೀ. ಎತ್ತರದಲ್ಲಿ ಅಗಲ 0.03, ಒಂದು ಪಿಕ್ಸೆಲ್ಲಿನ ಅರ್ಧಕ್ಕಿಂತ ಕಡಿಮೆ. ಮೇಲಿನ ಗೆರೆಗಳು ತುಂಡಾಗಲು ಇದೇ ಕಾರಣ. ಬೆಳಕನ್ನು ನೇರ ಹಿಂದಿನಿಂದ ತೆಗೆದು 30 ಡಿಗ್ರಿ ಓರೆಗೆ ಇಟ್ಟಾಗ ತೆಳು ಗೆರೆಗಳೂ ಮಿನುಗಿ ಕಂಡವು.

ಇದಕ್ಕಿಂತ ದೊಡ್ಡ ವಿಷಯ ಬದಿದರದ್ದು. ಹಲಗೆ ಪೂರ್ತಿಗೆ ಸೇರಿಸಿ ಹಾಕಿದ ಲೆಕ್ಕ ಯಾವ ಎರಡು ಓಟಕ್ಕೂ ಒಂದೇ ಬರುತ್ತಿರಲಿಲ್ಲ: 0.93, 1.10, 0.98. ಎತ್ತರದ ಪಟ್ಟಿಗಳಾಗಿ ಕೊಯ್ದು ಲೆಕ್ಕ ಹಾಕಿದಾಗ ಬಿಡಿಸಿಕೊಂಡಿತು. ಅನಿಲ ದಾಟುವುದು ತೆಳು ಪೊರೆಯ ಮೂಲಕ ಮಾತ್ರ, ಕಾಲುವೆಯ ಮೂಲಕ ಅಲ್ಲವೆನ್ನುವಷ್ಟು ಕಡಿಮೆ. 2 ಮಿ.ಮೀ. ಸಂದಿನಲ್ಲಿ ಮುಂದಿನ ಗಾಜಿನ ಕಾಲುವೆ, ಹಿಂದಿನ ಗಾಜಿನ ಕಾಲುವೆ ಎರಡೂ ಸೇರಿ ತಳದಲ್ಲಿ ಪೊರೆಯ ಕಾಲು ಭಾಗಕ್ಕಿಂತ ಹೆಚ್ಚನ್ನು ನುಂಗುತ್ತವೆ. ಒಣಪೊರೆಯ ಬದಿದರ 1.1 ಎಂದಿಟ್ಟು, ಉಳಿದ ಪೊರೆಯ ಪಾಲಿನಿಂದ ಗುಣಿಸಿದರೆ ಹೀಗೆ:

10 ಮಿ.ಮೀ. ಎತ್ತರ: ಲೆಕ್ಕ 0.79, ಅಳತೆ 0.75
20 ಮಿ.ಮೀ.: ಲೆಕ್ಕ 0.95, ಅಳತೆ 0.96
50 ಮಿ.ಮೀ.: ಲೆಕ್ಕ 1.04, ಅಳತೆ 1.05
200 ಮಿ.ಮೀ.: ಲೆಕ್ಕ 1.08, ಅಳತೆ 1.19

ಮೊದಲ ಮೂರು ಚೆನ್ನಾಗಿ ಕೂತಿವೆ. ನಾಲ್ಕನೆಯದು 10 ಶೇಕಡಾ ಜಾಸ್ತಿ. ಎತ್ತರ ಹೋದಷ್ಟೂ ಪೊರೆಯೇ ತೆಳುವಾಗುತ್ತದೆ, ತೆಳು ಪೊರೆ ಅನಿಲವನ್ನು ಬೇಗ ಬಿಡುತ್ತದೆ. ಲೆಕ್ಕದಲ್ಲಿ ಕಾಲುವೆ ಇದೆ, ಪೊರೆಯ ದಪ್ಪ ಇಲ್ಲ. ವ್ಯತ್ಯಾಸ ಆ ದಿಕ್ಕಿಗೇ ಇದೆ.

ತಟ್ಟೆಯ ನೀರಿನ ಮಟ್ಟ ಇಳಿದರೆ ಎಲ್ಲ ಎತ್ತರವೂ ಬದಲಾದಂತೆ. ಏಪ್ರಿಲ್ ಒಣಗಾಳಿಗೆ ತೆರೆದ ತಟ್ಟೆ ದಿನಕ್ಕೆ 4 ಮಿ.ಮೀ. ಇಳಿಯಿತು. 10 ಮಿ.ಮೀ. ಪಟ್ಟಿಗೆ ಇದು ಸಣ್ಣ ತಪ್ಪಲ್ಲ. ಪ್ಲಾಸ್ಟಿಕ್ ಹಾಳೆ ಸುತ್ತಿ, ಗಾಳಿಯ ಒತ್ತಡ ಸಮ ಇರಲು ಒಂದು ಸೂಜಿ ತೂತು ಬಿಟ್ಟರೆ ಅರ್ಧ ಮಿ.ಮೀ.ಗೆ ನಿಲ್ಲುತ್ತದೆ.

ಹಂತ 6. ಆರು ಬದಿಯವು ಯಾಕೆ ಬೆಳೆದವು, ಏಪ್ರಿಲ್ 23ರಿಂದ 28

ಆರು ಬದಿಯ ಗುಳ್ಳೆ ಬದಲಾಗಬಾರದು. ಪೆಟ್ಟಿಗೆ ಸರಿ ಇದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ 12.0 ಚದರ ಮಿ.ಮೀ. ಸರಾಸರಿಯ ಆರು ಬದಿಯವು 12.6 ಆದವು. ರಾತ್ರಿ ಮತ್ತೆ ಕುಗ್ಗಿದವು. ಅಂದರೆ ಸೋರಿಕೆಯಲ್ಲ, ಬಿಸಿಲು.

ಕೋಣೆ 30ರಿಂದ 38 ಡಿಗ್ರಿಗೆ ಏರಿತ್ತು. ಗಾಳಿ ಹಿಗ್ಗುವ ಲೆಕ್ಕ ಹಾಕಿದರೆ 8ನ್ನು 303ರಿಂದ ಭಾಗಿಸಿ 2.6 ಶೇಕಡಾ. ಕಂಡದ್ದು 5. ಅರ್ಧ ಎಲ್ಲಿ ಹೋಯಿತು? ಗುಳ್ಳೆಯೊಳಗೆ ನೀರಾವಿ ತುಂಬಿರುತ್ತದೆ. 30 ಡಿಗ್ರಿಯಲ್ಲಿ ಅದರ ಒತ್ತಡ 4.2 ಕಿಲೋಪಾಸ್ಕಲ್, 38ರಲ್ಲಿ 6.6. ಒಟ್ಟು ಒತ್ತಡ ಹೊರಗಿನಷ್ಟೇ ಇರಬೇಕಾದ್ದರಿಂದ ಆವಿ ಹೆಚ್ಚಿದಷ್ಟು ಗುಳ್ಳೆ ಹಿಗ್ಗುತ್ತದೆ, ಇನ್ನೊಂದು 2.7 ಶೇಕಡಾ. ಎರಡೂ ಸೇರಿ 5.4. ಈಗ ಪ್ರತಿ ಫೋಟೋದ ವಿಸ್ತೀರ್ಣವನ್ನೂ 30 ಡಿಗ್ರಿಗೆ ಇಳಿಸಿ ಬರೆಯುತ್ತಿದೆ. ಗಾಜಿಗೆ ಅಂಟಿಸಿದ ಥರ್ಮಾಮೀಟರ್ ಬೇಕು, ಗೋಡೆಯ ಥರ್ಮಾಮೀಟರ್ ಮುಕ್ಕಾಲು ಗಂಟೆ ಮುಂದೆ ಓಡುತ್ತದೆ.

ಒತ್ತಡದ್ದೇ ಇನ್ನೊಂದು ತಪ್ಪು. ಮಾದರಿಯಲ್ಲಿ ಹೊರಗಿನ ಒತ್ತಡ 101 ಕಿಲೋಪಾಸ್ಕಲ್ ಎಂದು ಹಾಕಿತ್ತು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಇಲ್ಲಿ 94 ಅಷ್ಟೆ. ಬದಿದರ ಒತ್ತಡಕ್ಕೆ ವಿಲೋಮವಾದ್ದರಿಂದ 7 ಶೇಕಡಾ ತಪ್ಪು. ಹವಾಮಾನ ಆ್ಯಪ್ ನೋಡಿ ಸರಿಪಡಿಸಲು ಹೋಗಬೇಡಿ, ಅದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ ತೋರಿಸುತ್ತದೆ. ಫೋನಿನ ಒಳಗಿನ ಬ್ಯಾರೋಮೀಟರಿನ ಕಚ್ಚಾ ಅಂಕಿಯೇ ಬೇಕು.

ಹಂತ 7. ಮಾದರಿ, ಏಪ್ರಿಲ್ 29ರಿಂದ ಮೇ 14

ಮೊದಲ ಪ್ರಯತ್ನ ಚೌಕದ ಜಾಲರಿಯ ಮೇಲಿನ ಪಾಟ್ಸ್ ಮಾದರಿ. ಪ್ರತಿ ಚೌಕಕ್ಕೂ ಒಂದು ಗುಳ್ಳೆಯ ಸಂಖ್ಯೆ, ಅಕ್ಕಪಕ್ಕ ಬೇರೆ ಸಂಖ್ಯೆ ಇದ್ದರೆ ಶಕ್ತಿ ಜಾಸ್ತಿ. ಬರೆಯಲು ಅರ್ಧ ದಿನ ಸಾಕು. ನಾಲ್ಕೇ ನೆರೆ ಎಣಿಸಿದಾಗ ಪೊರೆಗಳು ಜಾಲರಿಯ ಗೆರೆಗೆ ಅಂಟಿ ಗುಳ್ಳೆಗಳು ಚೌಕಾಕಾರವಾಗಿ ನಿಂತೇಬಿಟ್ಟವು. 20 ನೆರೆ ಎಣಿಸಿದ ಮೇಲೆ ಹರಿಯಿತು. ಆದರೂ ಕಾಲುವೆ, ಎತ್ತರ, ಒತ್ತಡ ಯಾವುದನ್ನೂ ಅದರೊಳಗೆ ನೇರವಾಗಿ ಕೂರಿಸಲು ಬರಲಿಲ್ಲ. ಬಿಟ್ಟದ್ದು.

ಎರಡನೆಯದು ಪೊರೆಯನ್ನೇ ಗೆರೆಯಾಗಿ ಹಿಡಿಯುವ ಮಾದರಿ. ಪ್ರತಿ ಪೊರೆ 0.4 ಮಿ.ಮೀ. ತುಂಡುಗಳ ಸರಪಳಿ, ಮೂರು ಪೊರೆ ಸೇರುವಲ್ಲಿ ಒಂದು ಗಂಟು, ಪ್ರತಿ ಗುಳ್ಳೆಗೂ ಒಂದು ಒತ್ತಡ. ತೊಡಕು ಕಾಲದ್ದು. ಪೊರೆ ನೆಟ್ಟಗಾಗಲು ಒಂದು ಸೆಕೆಂಡೂ ಬೇಡ, ಅನಿಲ ದಾಟಲು ಗಂಟೆಗಳು ಬೇಕು. ಎರಡನ್ನೂ ಒಂದೇ ಗಡಿಯಾರದಲ್ಲಿ ಓಡಿಸಿದರೆ 30 ಗಂಟೆಗೆ ಕೋಟಿಗಟ್ಟಲೆ ಹೆಜ್ಜೆ. ಮೊದಲ ರಾತ್ರಿಯ ಓಟ ಬೆಳಗಾಗುವಷ್ಟರಲ್ಲಿ ನೊರೆಯ 6 ನಿಮಿಷ ತಲುಪಿತ್ತು.

ಅಮೆರಿಕದ ಬರ್ಕ್ಲಿಯ ಗಣಿತಜ್ಞರಾದ ರಾಬರ್ಟ್ ಸೇ ಮತ್ತು ಜೇಮ್ಸ್ ಸೆಥಿಯನ್ 2013ರಲ್ಲಿ ಪ್ರಕಟಿಸಿದ ದಾರಿ ಇಲ್ಲಿ ಕೈಹಿಡಿಯಿತು. ಅವರು ಪೊರೆಗಳ ಮರುಜೋಡಣೆ, ನೀರಿನ ಬಸಿಯುವಿಕೆ, ಒಡೆತ ಮೂರನ್ನೂ ಬೇರೆ ಬೇರೆ ಹಂತವಾಗಿ ಓಡಿಸಿ ಒಂದರ ಫಲವನ್ನು ಇನ್ನೊಂದಕ್ಕೆ ಕೊಡುತ್ತಾರೆ. ಅವರ ಗಣಿತ ಬಹಳ ದೊಡ್ಡದು. ಇಲ್ಲಿ ತೆಗೆದುಕೊಂಡದ್ದು ಬೇರ್ಪಡಿಸುವ ಉಪಾಯ ಮಾತ್ರ: ಅನಿಲವನ್ನು ಒಂದು ನಿಮಿಷದಷ್ಟು ದಾಟಿಸುವುದು, ವಿಸ್ತೀರ್ಣ ಕಟ್ಟಿಹಾಕುವುದು, ಎಲ್ಲ ಗಂಟುಗಳೂ 120 ಡಿಗ್ರಿಯ ಒಂದು ಡಿಗ್ರಿ ಒಳಗೆ ಬರುವವರೆಗೆ ಪೊರೆ ಸಡಿಲಿಸುವುದು, ಮತ್ತೆ ಮುಂದಿನ ನಿಮಿಷ. 30 ಗಂಟೆಗೆ 1800 ಸುತ್ತು. ಸುಮಾರು 1500 ಗುಳ್ಳೆಗಳ ತುಂಡಿಗೆ ಸಾಧಾರಣ ಲ್ಯಾಪ್‌ಟಾಪಿನಲ್ಲಿ 5 ಗಂಟೆ.

ನೆರೆ ಬದಲು ಬಹಳ ಕಾಡಿತು. ಪೊರೆ ಕಿರಿದಾಗಿ ಸೊನ್ನೆಯಾದಾಗ ಎರಡು ನೆರೆಗಳು ಬೇರೆಯಾಗಿ ಇನ್ನೆರಡು ಕೂಡುತ್ತವೆ. ಪೊರೆ ಎಷ್ಟು ಕಿರಿದಾದಾಗ ಬದಲಿಸಬೇಕು ಎಂಬ ಮಿತಿಯನ್ನು 0.05 ಮಿ.ಮೀ. ಎಂದಿಟ್ಟರೆ ಗಂಟುಗಳು ಒಂದರ ಮೇಲೊಂದು ಹಾದು ವಿಸ್ತೀರ್ಣ ಋಣವಾಯಿತು. ದೊಡ್ಡದಿಟ್ಟರೆ ಬದಲಾದ ಪೊರೆ ಮುಂದಿನ ಹೆಜ್ಜೆಯಲ್ಲೇ ವಾಪಸ್ ಬದಲಾಗಿ, ಹೀಗೇ ಆಚೀಚೆ ನಿಂತುಬಿಟ್ಟಿತು. ಕೊನೆಗೆ: ಹೊಸ ಪೊರೆಯನ್ನು ಮಿತಿಯ 1.2 ಪಟ್ಟು ಉದ್ದ ಮಾಡಿಡುವುದು, 20 ಹೆಜ್ಜೆ ಅದನ್ನು ಮುಟ್ಟದಿರುವುದು. ಮಿತಿಯ ಅಂಕಿಯೂ ಮನಸ್ಸಿಗೆ ಬಂದದ್ದಲ್ಲ. ಕಾಲುವೆ ದಪ್ಪ ಇದ್ದಲ್ಲಿ ಎರಡು ಗಂಟು ಬೇಗ ಕೂಡಿಕೊಳ್ಳುತ್ತವೆ, ಫೋಟೋದಲ್ಲಿ ತಳದ ಪೊರೆಗಳು 0.6 ಮಿ.ಮೀ. ಇರುವಾಗಲೇ ಹಾರುತ್ತವೆ. ಹಾಗಾಗಿ ಮಿತಿ ಕಾಲುವೆ ತ್ರಿಜ್ಯದ ಎರಡು ಪಟ್ಟು, ಕನಿಷ್ಠ 0.15.

ಆರಂಭದ ನೊರೆಯನ್ನು ಯಾದೃಚ್ಛಿಕ ಬಿಂದುಗಳಿಂದ ಕಟ್ಟಬೇಡಿ. ಅಂಥ ಜಾಲರಿಯಲ್ಲಿ ನಾಲ್ಕು ಬದಿ, ಒಂಬತ್ತು ಬದಿಯವು ನಿಜವಾದ ನೊರೆಗಿಂತ ಹೆಚ್ಚು. ಮೊದಲ ಆರು ಗಂಟೆಯಲ್ಲಿ ಗುಳ್ಳೆಗಳು ಅವಸರದಿಂದ ಮಾಯವಾದವು. 6ನೇ ಗಂಟೆಯ ಫೋಟೋದ ಜಾಲವನ್ನೇ ಮಾದರಿಗೆ ಕೊಟ್ಟ ಮೇಲೆ 30ನೇ ಗಂಟೆಯಲ್ಲಿ ಸರಾಸರಿ ವಿಸ್ತೀರ್ಣ ಮಾದರಿಯಲ್ಲಿ 35, ಫೋಟೋದಲ್ಲಿ 37 ಚದರ ಮಿ.ಮೀ.

ಹಂತ 8. ಹರಿವು, ಮೇ 15ರಿಂದ 27

ಅದೇ ಗಾಜು, ಮಲಗಿಸಿದ್ದು. ರಬ್ಬರ್ ಪಟ್ಟಿಯಿಂದ 60 ಮಿ.ಮೀ. ಅಗಲದ ಓಣಿ, 200 ಮಿ.ಮೀ. ಉದ್ದ, ಮುಂದೆ 20 ಮಿ.ಮೀ.ಗೆ ಕಿರಿದಾಗುತ್ತದೆ. 50 ಮಿ.ಲೀ. ಸಿರಿಂಜನ್ನು ಥ್ರೆಡ್ ಸರಳಿನಿಂದ ತಳ್ಳುವುದು. ನೇರ ಓಣಿಯ ಒತ್ತಡ ಅಳೆಯಲು ನೀರಿನ ಯು ಕೊಳವೆ (ಸಿರಿಂಜು ಸೇರಿ 110 ರೂ.). ನಿಲ್ಲಿಸಿದ ಕೊಳವೆಯಲ್ಲಿ ಮಟ್ಟ ಕದಲಿದ್ದೇ ಸರಿಯಾಗಿ ಕಾಣಲಿಲ್ಲ. 300ಕ್ಕೆ 30 ಮಿ.ಮೀ. ಏರುವಂತೆ ಓರೆಯಾಗಿ ಮಲಗಿಸಿದಾಗ ಹತ್ತು ಪಟ್ಟಾಗಿ ಓದಲು ಬಂತು: ಸೆಕೆಂಡಿಗೆ 2 ಮಿ.ಮೀ. ವೇಗಕ್ಕೆ 39 ಮಿ.ಮೀ., 4ಕ್ಕೆ 62, 8ಕ್ಕೆ 99.

ವೇಗ ಇಮ್ಮಡಿಯಾದರೆ ಒತ್ತಡ 1.6 ಪಟ್ಟು. ಮಾದರಿಯಲ್ಲಿ ಗಾಜಿನ ಘರ್ಷಣೆ ವೇಗಕ್ಕೆ ನೇರ ಅನುಪಾತ ಎಂದು ಬರೆದಿತ್ತು, ಅದು 2 ಕೊಡುತ್ತದೆ. ಸಣ್ಣ ಕೊಳವೆಯಲ್ಲಿ ಗುಳ್ಳೆ ಜಾರುವಾಗ ಘರ್ಷಣೆ ವೇಗದ ಮೂರನೇ ಎರಡರ ಘಾತಕ್ಕೆ ಏರುತ್ತದೆ ಎಂದು ಬ್ರೆದರ್ಟನ್ 1961ರಲ್ಲಿ ತೋರಿಸಿದ್ದ, ಅದರಂತೆ 1.59. ಸೂತ್ರ ಬದಲಿಸಿದ ಮೇಲೆ ಮೂರೂ ಅಂಕಿ 4 ಶೇಕಡಾ ಒಳಗೆ ಬಂದವು. ಆಗ ನೆನಪಾದದ್ದು ಅಂಟುವಾಳ. ಅದರ ಬಿಗಿ ಮೇಲ್ಮೈಗೆ ಘಾತ ಅರ್ಧಕ್ಕೆ ಇಳಿಯಬೇಕು, ಅಂದರೆ 1.41. ಅಳೆದರೆ 1.43, 1.45. ಒಂದೇ ಪೆಟ್ಟಿಗೆಯಲ್ಲಿ ದ್ರಾವಣ ಬದಲಿಸಿದ್ದಕ್ಕೆ ಘರ್ಷಣೆಯ ನಿಯಮವೇ ಬದಲಾಗುವುದು ಕಣ್ಣೆದುರು ಕಂಡದ್ದು ಈ ಮೂರು ತಿಂಗಳಲ್ಲಿ ಅತಿ ಸಂತೋಷದ ಅಳತೆ.

ಸಿಕ್ಕಿಕೊಂಡಿರುವುದು ಕಿರಿದಾಗುವ ಬಾಯಿಯಲ್ಲಿ. ಫೋಟೋದಲ್ಲಿ ನೆರೆ ಬದಲುಗಳು ಬಾಯಿಗೆ 10ರಿಂದ 15 ಮಿ.ಮೀ. ಮೊದಲೇ ಗುಂಪಾಗಿ ನಡೆಯುತ್ತವೆ, ಮಾದರಿಯಲ್ಲಿ ಬಾಯಿಯಲ್ಲೇ ಒಂದೊಂದಾಗಿ. ಮಲಗಿಸಿದ ಓಣಿಯಲ್ಲಿ ನೀರು ಬಸಿಯಲು ತಟ್ಟೆ ಇಲ್ಲ, ಕಾಲುವೆ ಎಷ್ಟು ದಪ್ಪ ಎಂದು ಎತ್ತರದಿಂದ ಲೆಕ್ಕ ಹಾಕಲು ಬರುವುದಿಲ್ಲ, ಮಾದರಿಯಲ್ಲಿ 0.15 ಎಂದು ಸುಮ್ಮನೆ ಇಟ್ಟಿದೆ. ಒಟ್ಟು ಖರ್ಚು ಇಲ್ಲಿಯವರೆಗೆ 2,480 ರೂ. ಮುಂದಿನ ಕೆಲಸ ಓಣಿಯ ಪಕ್ಕದ ರಬ್ಬರ್ ಪಟ್ಟಿಯಲ್ಲಿ 3 ಮಿ.ಮೀ. ತೂತು ಕೊರೆದು, ದಪ್ಪ ಹತ್ತಿಯ ಬತ್ತಿ ಹೊರಗೆ ಎಳೆದು, ಅದರ ತುದಿಯನ್ನು 20 ಮಿ.ಮೀ. ಕೆಳಗಿನ ಬಟ್ಟಲಿಗೆ ಇಳಿಬಿಡುವುದು. ಬಟ್ಟಲು ಏರಿಸಿ ಇಳಿಸಿದರೆ ಓಣಿಯ ಕಾಲುವೆಯೂ ದಪ್ಪ ತೆಳು ಆಗಬೇಕು. ಬತ್ತಿಯನ್ನು ವಾಷಿಂಗ್ ಸೋಡಾದಲ್ಲಿ ಕುದಿಸಿ ಒಣಗಲು ಹಾಕಿದೆ, ದೀಪದ ಎಣ್ಣೆಯ ಪಸೆ ಇದ್ದರೆ ಎಲ್ಲ ಮತ್ತೆ ಹಂತ 1ಕ್ಕೆ.